ಅರಾತ ಇಜುಮಿ: ಮರಳಿ ಕೇಳಿಬಂದ ಹೆಸರು

ಜಪಾನಿನ ಕಾಲ್ಚೆಂಡಾಟಗಾರರಲ್ಲಿ ನಕಾತ, ನಕಾಮುರ ಮೊದಲಾದವರ ಹೆಸರನ್ನು ನಮ್ಮ ಮನೆಗಳ ಹುಡುಗರೂ ಹೇಳಿಯಾರು. ಅರಾತ ಇಜುಮಿ ಎಂದರೆ ಯಾರೆಂದು ಜಪಾನಿನಲ್ಲಿಯೇ ಬಹುಮಂದಿಗೆ ತಿಳಿಯಲಾರದು. ಆದರೂ 2025ರ ನವೆಂಬರಿನಲ್ಲಿ ಅಂತರಜಾಲದ ಕ್ರೀಡಾಚರ್ಚೆಗಳಲ್ಲೆಲ್ಲ ಈ ಹೆಸರು ಒಮ್ಮೆಗೇ ಮತ್ತೆ ಕೇಳಿಬಂತು. ಅದಕ್ಕೆ ಕಾರಣ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಬೆಂಗಳೂರು ಎಫ್‌ಸಿ ತಂಡದ ರಯನ್ ವಿಲಿಯಮ್ಸ್ ಆಸ್ಟ್ರೇಲಿಯದ ಪೌರತ್ವವನ್ನು ಬಿಟ್ಟು ಭಾರತದ ಪೌರರಾದರು. ಅವರ ತಾಯಿ ಮುಂಬಯಿಯಲ್ಲಿ ಹುಟ್ಟಿದವರು. ಭಾರತದ ಪರವಾಗಿ ಆಡಲೆಂದು ಹೀಗೆ ಹಿಂದೆ ಮಾಡಿದವರು ಯಾರಿದ್ದಾರೆ ಎಂದು ಹುಡುಕಿದವರಿಗೆ ಸಿಕ್ಕಿದ ಹೆಸರೇ ಅರಾತ.

ಅರಾತ ಹುಟ್ಟಿದ್ದು 1982ರಲ್ಲಿ, ಜಪಾನಿನ ಯಾಮಗುಚಿ ಪ್ರಾಂತ್ಯದಲ್ಲಿ. ತಾಯಿ ಜಪಾನಿನವರು, ತಂದೆ ಗುಜರಾತಿ ಮೂಲದವರು. ಅವರಿಗೆ ನೀಲಕಂಠ ಖಂಬೋಲ್ಜಾ ಎಂಬ ಭಾರತೀಯ ಹೆಸರೂ ಉಂಟು. ಸಿಂಗಪುರದಲ್ಲಿ ಕೆಲಕಾಲ ಆಡಿ 2006ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡಕ್ಕೆ ಬಂದರು. ಅಲ್ಲಿಂದ ಮುಂಬಯಿಯ ಮಹೀಂದ್ರ ತಂಡ, ಆಮೇಲೆ ಪುಣೆ. ಮೈದಾನದ ನಡುವಿನಿಂದ ಚೆಂಡನ್ನು ಮುಂದಕ್ಕೊಯ್ಯುವುದು ಅವರ ಕೆಲಸ.

ಇಲ್ಲಿ ವಾಚಕರು ಕೇಳಬಹುದು: ತಂದೆ ಭಾರತ ಮೂಲದವರಾದ ಮೇಲೆ ಮಗನು ನಮ್ಮ ತಂಡದಲ್ಲಿ ಆಡಲು ಅಡ್ಡಿಯೇನು? ಅಡ್ಡಿ ಕಾನೂನಿನದು. ನಮ್ಮ ರಾಜ್ಯಾಂಗವು ಇಮ್ಮಡಿ ಪೌರತ್ವವನ್ನು ಒಪ್ಪುವುದಿಲ್ಲ. ವಿದೇಶದಲ್ಲಿರುವ ಭಾರತ ಮೂಲದವರಿಗೆ ಸರಕಾರ ಕೊಡುವ ಸಾಗರೋತ್ತರ ಪೌರರ ಚೀಟಿ ಇದ್ದರೂ ಆಟದ ಮೈದಾನದಲ್ಲಿ ಅದು ಸಾಲದು. ಭಾರತದ ಪಾಸ್‌ಪೋರ್ಟ್ ಉಳ್ಳವರೇ ದೇಶದ ಪರವಾಗಿ ಆಡಬೇಕೆಂದು 2008ರಲ್ಲಿ ಸರಕಾರ ಗೊತ್ತುಮಾಡಿತು. ಅತ್ತ ಜಪಾನಿನ ಕಾನೂನೂ ಅಷ್ಟೇ ಬಿಗಿ. ತಾನಾಗಿ ಬೇರೆ ದೇಶದ ಪೌರತ್ವ ಪಡೆದವನು ಜಪಾನಿನದನ್ನು ಕಳೆದುಕೊಳ್ಳುತ್ತಾನೆ. ಎರಡು ದೋಣಿಯಲ್ಲಿ ಕಾಲಿಡಲು ಈ ಕಡೆಯೂ ಎಡೆಯಿಲ್ಲ, ಆ ಕಡೆಯೂ ಇಲ್ಲ.

ಜಪಾನಿನ ಪಾಸ್‌ಪೋರ್ಟನ್ನು ಹಿಡಿದವನಿಗೆ ಲೋಕದ ಬಹುತೇಕ ಬಾಗಿಲುಗಳು ತೆರೆದೇ ಇರುತ್ತವೆ. ಅದನ್ನು ಬಿಟ್ಟಮೇಲೆ, ತಾನು ಹುಟ್ಟಿದ ಊರನ್ನು ನೋಡಿಬರಬೇಕಾದರೂ ವೀಸಾಕ್ಕೆ ಅರ್ಜಿ ಹಾಕಬೇಕು. ಪತ್ರಿಕೆಗಳು ಇದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಮನೆಮಂದಿಗೆ ಅದು ಒಂದು ಸಾಲಿನ ಮಾತಲ್ಲ. ಅದೂ ಫಲವೇನೆಂದು ತಿಳಿಯದ ವ್ಯವಹಾರ. ಪೌರತ್ವ ಸಿಕ್ಕಿದ ಮಾತ್ರಕ್ಕೆ ತಂಡದಲ್ಲಿ ಸ್ಥಾನ ಸಿಕ್ಕೀತೆಂಬ ಭರವಸೆಯನ್ನು ಯಾರೂ ಬರೆದುಕೊಡುವುದಿಲ್ಲ.

2012ರಲ್ಲಿ ಅರಾತ ಭಾರತದ ಪೌರರಾದರು. 2013ರ ಫೆಬ್ರವರಿ 6ರಂದು ಕೊಚ್ಚಿಯಲ್ಲಿ ಪ್ಯಾಲೆಸ್ತೀನ್ ತಂಡದೆದುರು ಮೊದಲ ಬಾರಿಗೆ ಭಾರತದ ಅಂಗಿ ತೊಟ್ಟರು. ಆಗ ಅವರಿಗೆ ಮೂವತ್ತು ವರ್ಷ. ಆಟಗಾರನ ಬಾಳಿನಲ್ಲಿ ಅದು ಹೊತ್ತು ಇಳಿಯುವ ಕಾಲ. ಅಂದು ಭಾರತ 2-4ರಿಂದ ಸೋತಿತು. ಆದರೆ ಆ ವರ್ಷದ ಐ-ಲೀಗಿನಲ್ಲಿ ಅವರ ಪುಣೆ ತಂಡ ಎರಡನೆಯ ಸ್ಥಾನಕ್ಕೆ ಬಂತು. ಗೋಲುಗಳ ಲೆಕ್ಕ ಹಿಡಿದು ನೋಡಿದರೆ ಅವರನ್ನು ಮಹಾ ಆಟಗಾರರೆನ್ನಲು ಬಾರದು, ನಾನೂ ಹಾಗೆನ್ನುವುದಿಲ್ಲ. ಹನ್ನೆರಡು ವರ್ಷ ಕಳೆದಮೇಲೆ ಜನ ಅವರನ್ನು ನೆನೆದದ್ದು ಗೋಲುಗಳಿಗಾಗಿ ಅಲ್ಲ.

ಆಟದಿಂದ ನಿವೃತ್ತರಾದ ಮೇಲೂ ಅರಾತ ಇಲ್ಲಿಯೇ ಉಳಿದು, ರಿಲಯನ್ಸ್ ಫೌಂಡೇಶನ್ನಿನ ತರುಣರ ತಂಡಕ್ಕೆ ತರಬೇತಿ ಕೊಡುವ ಕೆಲಸವನ್ನು ಕೈಗೊಂಡರು.