ಹಲವು ಪ್ರೊಜೆಕ್ಟರುಗಳಿಂದ ಒಂದೇ ಚಿತ್ರ

2018ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಅತಿವೃಷ್ಟಿಯಿಂದ ಕೊಡಗಿನ ಬೆಟ್ಟಗಳು ಕುಸಿದುದು ಎಲ್ಲರಿಗೂ ವಿದಿತವೇ ಆಗಿದೆ. ಜೋಡುಪಾಲ, ಮದೆನಾಡು, ಮಕ್ಕಂದೂರು ಮೊದಲಾದ ಊರುಗಳ ಸುತ್ತಣ ಕುಸಿತಗಳ ಉಪಗ್ರಹಚಿತ್ರವನ್ನು ತರಗತಿಯಲ್ಲಿ ತೋರಿಸಬಯಸುವ ಅಧ್ಯಾಪಕರಿಗೆ ಒಂದು ತೊಡಕುಂಟು. ಪ್ರದೇಶವನ್ನೆಲ್ಲ ಒಮ್ಮೆಗೇ ತೋರಿಸಿದರೆ ಕುಸಿತದ ಗುರುತುಗಳು ಕಾಣವು. ಒಂದು ಗುರುತನ್ನು ಹಿಗ್ಗಿಸಿದರೆ ಅದು ಯಾವ ಕಣಿವೆಗೆ ಸೇರಿದುದೆಂಬುದು ಮರೆಯಾಗುತ್ತದೆ.

ಸಾಧಾರಣ ಪ್ರೊಜೆಕ್ಟರಿನ ಚಿತ್ರದಲ್ಲಿ ಅಡ್ಡಲಾಗಿ 1920 ಬಿಂದುಗಳಿರುತ್ತವೆ. ಪೂರ್ವಪಶ್ಚಿಮವಾಗಿ 30 ಕಿಲೋಮೀಟರು ಅಗಲವಾದ ಭೂಭಾಗವನ್ನು ಅದರಲ್ಲಿ ಅಡಕಮಾಡಿದರೆ, ಒಂದೊಂದು ಬಿಂದುವೂ ಸುಮಾರು 15.6 ಮೀಟರು ನೆಲವನ್ನು ಪ್ರತಿನಿಧಿಸುತ್ತದೆ. 30 ಮೀಟರು ಅಗಲದ ಕುಸಿತವು ಎರಡೇ ಬಿಂದುಗಳಲ್ಲಿ ಅಡಗಿಹೋಗುತ್ತದೆ. ಎರಡು ಪ್ರೊಜೆಕ್ಟರುಗಳನ್ನು ಪಕ್ಕಪಕ್ಕದಲ್ಲಿರಿಸಿ, ಅವುಗಳ ಚಿತ್ರಗಳು 384 ಬಿಂದುಗಳಷ್ಟು ಒಂದರ ಮೇಲೊಂದು ಬೀಳುವಂತೆ ಮಾಡಿದರೆ, ಒಟ್ಟು 3456 ಬಿಂದುಗಳು ದೊರೆಯುತ್ತವೆ. ಆಗ ಒಂದು ಬಿಂದುವಿಗೆ ಬರುವ ನೆಲ ಸುಮಾರು 8.7 ಮೀಟರು ಮಾತ್ರ.

ಚಿತ್ರಗಳನ್ನು ಅಂಚಿಗೆ ಅಂಚು ತಾಗಿಸಿ ನಿಲ್ಲಿಸಬಾರದೇಕೆ ಎಂದು ಅಭ್ಯಾಸಿಗಳು ಕೇಳಬಹುದು. ಯಂತ್ರವು ಕೂದಲೆಳೆಯಷ್ಟು ಅಲುಗಿದರೂ ನಡುವೆ ಕಪ್ಪು ಗೆರೆಯೋ ಬಿಳಿಯ ಗೆರೆಯೋ ಮೂಡುವುದು. ಆದುದರಿಂದಲೇ ಒಂದರ ಅಂಚನ್ನು ಇನ್ನೊಂದರೊಳಗೆ ಕ್ರಮವಾಗಿ ಕರಗಿಸಬೇಕಾಗುತ್ತದೆ. ಈ ಯತ್ನವು ಹಳೆಯದು. 1952ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಸಿನೆರಾಮಾ ಪ್ರದರ್ಶನದಲ್ಲಿ ಮೂರು ಪ್ರೊಜೆಕ್ಟರುಗಳು ಒಂದೇ ಬಾಗುತೆರೆಯ ಮೇಲೆ ಚಿತ್ರವನ್ನು ಬೀರುತ್ತಿದ್ದವು. ಕೂಡುಗೆರೆಯನ್ನು ಮಸುಕುಗೊಳಿಸಲು ಚಿತ್ರದ ಅಂಚಿನಲ್ಲಿ ಹಲ್ಲುಹಲ್ಲಾದ ತಗಡೊಂದು ಕಂಪಿಸುತ್ತಿತ್ತು. ಇಂದು ಆ ತಗಡಿನ ಕೆಲಸವನ್ನು ಗಣಕಯಂತ್ರವು ಗಣಿತದಿಂದಲೇ ನೆರವೇರಿಸುತ್ತದೆ. ಕೊಡಗಿನಿಂದ ಘಟ್ಟವಿಳಿದರೆ ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯವುಂಟು. ಅದರ ಗುಮ್ಮಟದೊಳಗಣ ಡಿಜಿಟಲ್ ಆಕಾಶವು ಹಲವು ಪ್ರೊಜೆಕ್ಟರುಗಳ ಬೆಳಕು ಬೆಸೆದು ಆದುದು.

ಈ ಬೆಸುಗೆಯಲ್ಲಿ ಮೊದಲನೆಯ ಕಾರ್ಯವು ಆಕಾರದ ತಿದ್ದುಪಡಿ. ಓರೆಯಾಗಿ ಬಿದ್ದ ಚಿತ್ರವು ಆಯತವಾಗಿರದೆ ಸೊಟ್ಟ ಚತುರ್ಭುಜವಾಗುತ್ತದೆ. ಗೋಡೆಯು ಸಮತಟ್ಟಾಗಿದ್ದರೆ ನಾಲ್ಕು ಬಿಂದುಗಳ ನೆಲೆಯನ್ನು ಅಳೆದರೆ ಸಾಕು, ಚಿತ್ರವನ್ನು ಎಷ್ಟು ವಿರುದ್ಧವಾಗಿ ಸೊಟ್ಟಗೊಳಿಸಬೇಕೆಂಬುದನ್ನು ಗಣಿಸಬಹುದು. ಗುಮ್ಮಟದ ಮೇಲಾದರೋ ಬಿಂದುಗಳ ಬಲೆಯನ್ನೇ ಬೀರಿ, ಕ್ಯಾಮೆರಾದಿಂದ ಅದನ್ನು ಸೆರೆಹಿಡಿದು, ಪ್ರತಿಯೊಂದು ಕಣ್ಣಿಯನ್ನೂ ಬೇರೆಬೇರೆಯಾಗಿ ತಿದ್ದಬೇಕಾಗುತ್ತದೆ.

ಎರಡನೆಯದು ಬೆಳಕಿನ ಹಂಚಿಕೆ. ಎರಡೂ ಚಿತ್ರಗಳು ಬೀಳುವ ಪಟ್ಟಿಯಲ್ಲಿ ಹೊಳಪು ಇಮ್ಮಡಿಯಾಗುವುದರಿಂದ, ಅಲ್ಲಿ ಒಂದು ಕುಗ್ಗುತ್ತ ಹೋದಂತೆ ಇನ್ನೊಂದು ಹಿಗ್ಗಬೇಕು. ಎರಡರ ಮೊತ್ತವು ಎಲ್ಲೆಡೆಯೂ ಒಂದೇ ಆಗಿರಬೇಕು. ಹಾಗಾದರೆ ಪಟ್ಟಿಯ ನಡುಮಧ್ಯದಲ್ಲಿ ಬಿಳುಪಿನ ಅಂಕಿಯಾದ 255ನ್ನು ಅರ್ಧಮಾಡಿ, ಎರಡಕ್ಕೂ 128ನ್ನು ಕೊಟ್ಟರೆ ಸಾಲದೇ? ಸಾಲದು. ಪ್ರೊಜೆಕ್ಟರಿನ ಬೆಳಕು ಅಂಕಿಗೆ ಸಮಾನುಪಾತದಲ್ಲಿರದೆ, ಸಾಮಾನ್ಯವಾಗಿ ಆ ಅನುಪಾತದ 2.2ನೆಯ ಘಾತದಂತೆ ಏರುತ್ತದೆ. 128ನ್ನು ಕೊಟ್ಟಲ್ಲಿ ಬರುವ ಬೆಳಕು ಪೂರ್ಣದ ಶೇಕಡಾ 22 ಮಾತ್ರ. ಎರಡೂ ಕೂಡಿದರೆ 44. ಪಟ್ಟಿಯು ಕಪ್ಪಾಗಿ ಕಾಣುವುದು. ಅರ್ಧ ಬೆಳಕು ಬೇಕಾದರೆ 186ನ್ನು ಕೊಡಬೇಕು. ಅನೇಕರ ಪ್ರಯತ್ನಗಳು ಕೆಡುವುದು ಈ ಒಂದು ಅಂಶವನ್ನು ಮರೆತುದರಿಂದಲೇ.

ಮೂರನೆಯದಾದ ತೊಡಕು ಕತ್ತಲೆಯದು. ಪ್ರೊಜೆಕ್ಟರು ಕಪ್ಪನ್ನು ತೋರಿಸುವಾಗಲೂ ಅಲ್ಪಸ್ವಲ್ಪ ಬೆಳಕು ಸೋರುತ್ತಿರುತ್ತದೆ. ಎರಡರ ಸೋರಿಕೆ ಕೂಡಿದಲ್ಲಿ ಕಪ್ಪು ಬೂದಿಬಣ್ಣವಾಗುತ್ತದೆ. ಶೂನ್ಯಕ್ಕಿಂತ ಕಡಿಮೆಯಾದ ಅಂಕಿಯಿಲ್ಲವಷ್ಟೆ. ಆದುದರಿಂದ ಉಳಿದ ಭಾಗದ ಕಪ್ಪನ್ನೇ ತುಸು ಎತ್ತರಿಸಿ ಸರಿದೂಗಿಸಬೇಕು. ನಕ್ಷೆಗೆ ಇದರಿಂದ ಬಾಧಕವಿಲ್ಲ. ತಾರಾಲಯದ ಇರುಳಿಗೆ ಮಾತ್ರ ಇದು ದೊಡ್ಡ ಕೊರತೆಯೇ ಸರಿ.

ಚಲಿಸುವ ಚಿತ್ರವಾದರೆ ಎಲ್ಲ ಪ್ರೊಜೆಕ್ಟರುಗಳೂ ಒಂದೇ ಕ್ಷಣದಲ್ಲಿ ಚಿತ್ರವನ್ನು ಬದಲಿಸಬೇಕು. ಸೆಕೆಂಡಿನ ಅರುವತ್ತನೆಯ ಒಂದು ಪಾಲಿನಷ್ಟು ತಡವಾದರೂ ಓಡುವ ವಸ್ತುವು ಕೂಡುಪಟ್ಟಿಯಲ್ಲಿ ಮುರಿದಂತೆ ತೋರುತ್ತದೆ. ಎರಡು ಪ್ರೊಜೆಕ್ಟರುಗಳಿಗೆ ಒಂದೇ ಗಣಕಯಂತ್ರದ ಎರಡು ನಿರ್ಗಮಗಳು ಸಾಕು. ಹಲವು ಗಣಕಯಂತ್ರಗಳು ಬೇಕಾದಲ್ಲಿ ಅವುಗಳನ್ನು ಒಂದೇ ಕಾಲಸಂಕೇತಕ್ಕೆ ಕಟ್ಟಬೇಕು.

ಈಗ ನಮ್ಮ ನಕ್ಷೆಗೆ ಮರಳೋಣ. ಜೋಡುಪಾಲದ ಕಣಿವೆಯು ಕೂಡುಪಟ್ಟಿಯೊಳಗೆ ಬಿದ್ದಿದೆಯೆಂದೂ, ಎರಡು ಚಿತ್ರಗಳ ನಡುವೆ ಮೂರು ಬಿಂದುಗಳ ಪಲ್ಲಟವಿದೆಯೆಂದೂ ಇಟ್ಟುಕೊಳ್ಳೋಣ. ನೆಲದ ಮೇಲೆ ಅದು 26 ಮೀಟರಿನ ತಪ್ಪು. ಒಂದೇ ಕುಸಿತವು ವಿದ್ಯಾರ್ಥಿಯ ಕಣ್ಣಿಗೆ ಎರಡಾಗಿ ಕಾಣಬಹುದು. ನೋಟಕ್ಕೆ ನುಣುಪಾದ ಬೆಸುಗೆಯು ಸತ್ಯವಾದ ಬೆಸುಗೆಯೇ ಆಗಿರಬೇಕೆಂದಿಲ್ಲ. ಆದುದರಿಂದ ನಕ್ಷೆಗೆ ಮೊದಲು ಚೌಕುಳಿಯ ಗೆರೆಗಳನ್ನು ತೋರಿಸಿ ಆಕಾರವನ್ನೂ, ಬರಿಯ ಬೂದಿಬಣ್ಣವನ್ನು ತೋರಿಸಿ ಬೆಳಕನ್ನೂ ಪರೀಕ್ಷಿಸುವುದು ಅವಶ್ಯಕ. ಎರಡು ಸಾಧಾರಣ ಪ್ರೊಜೆಕ್ಟರುಗಳೂ ಒಂದು ಬಿಳಿಯ ಗೋಡೆಯೂ ಇರುವ ಯಾವ ಕಾಲೇಜಿನಲ್ಲಾದರೂ ಈ ಪ್ರಯೋಗವನ್ನು ಮಾಡಿ ನೋಡಬಹುದು.