ಕ್ರಿಸ್‌ಮಸ್, ಮಕ್ಕಳು ಮತ್ತು ವಸ್ತುಮೋಹ

ಡಿಸೆಂಬರ್ ಬಂತೆಂದರೆ ಪಶ್ಚಿಮ ಬೆಂಗಳೂರಿನ ಉಲ್ಲಾಳ, ಕೆಂಗೇರಿ, ವಿಜಯನಗರಗಳ ಬೇಕರಿಗಳಲ್ಲಿ ಪ್ಲಮ್ ಕೇಕ್, ಅಂಗಡಿಗಳಲ್ಲಿ ನಕ್ಷತ್ರದ ದೀಪ ಮತ್ತು ಸಾಂಟಾ ಟೋಪಿಗಳು ಕಾಣಿಸಿಕೊಳ್ಳುತ್ತವೆ. ಅನೇಕ ಶಾಲೆಗಳಲ್ಲಿ ಬೇರೆ ಬೇರೆ ಧರ್ಮಗಳ ಮಕ್ಕಳು ಒಟ್ಟಾಗಿ ಕ್ರಿಸ್‌ಮಸ್ ಆಚರಿಸುತ್ತಾರೆ. ಹಬ್ಬವೊಂದು ಹೀಗೆ ಎಲ್ಲರದಾಗುವುದು ಸಂತೋಷದ ಸಂಗತಿಯೇ ಆದರೂ, ಮಕ್ಕಳ ಮನಸ್ಸಿನಲ್ಲಿ ಅದು ಉಡುಗೊರೆ ಸಿಗುವ ದಿನವಾಗಿ ಮಾತ್ರ ಉಳಿದರೆ ಹಬ್ಬದ ತಿರುಳೇ ಕೈತಪ್ಪುತ್ತದೆ.

ಲೂಕನ ಸುವಾರ್ತೆಯ 2ನೇ ಅಧ್ಯಾಯದ ಪ್ರಕಾರ, ಬೆತ್ಲೆಹೇಮಿನಲ್ಲಿ ತಂಗಲು ಸ್ಥಳ ಸಿಗದ ಕಾರಣ ಮರಿಯಳು ತನ್ನ ಚೊಚ್ಚಲ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ, ಅಂದರೆ ದನಕರುಗಳಿಗೆ ಮೇವು ಹಾಕುವ ತೊಟ್ಟಿಯಲ್ಲಿ, ಮಲಗಿಸಿದಳು. ಆ ಜನನದ ಸುದ್ದಿ ಮೊದಲು ತಲುಪಿದ್ದು ರಾತ್ರಿಯಿಡೀ ಮಂದೆ ಕಾಯುತ್ತಿದ್ದ ಕುರುಬರಿಗೆ. ದೇವರು ಬಡವರ ನಡುವೆ, ಏನೂ ಇಲ್ಲದವನಾಗಿ ಹುಟ್ಟಿಬಂದನೆಂಬ ಈ ನಂಬಿಕೆಯೇ ಕ್ರಿಸ್‌ಮಸ್‌ನ ಮೂಲ ಅರ್ಥ.

ಉಡುಗೊರೆಯ ಪರಂಪರೆಯೂ ಈ ಅರ್ಥಕ್ಕೆ ಹೊರತಾದುದಲ್ಲ. 4ನೇ ಶತಮಾನದಲ್ಲಿ ಇಂದಿನ ಟರ್ಕಿಗೆ ಸೇರಿದ ಮೈರಾ ಪಟ್ಟಣದ ಬಿಷಪ್ ಆಗಿದ್ದ ಸಂತ ನಿಕೋಲಸ್, ಬಡವನೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗಾಗಿ ಯಾರಿಗೂ ತಿಳಿಯದಂತೆ ಹಣ ಕೊಟ್ಟನೆಂಬ ಐತಿಹ್ಯವಿದೆ. ಈ ಸಂತನ ನೆನಪಿನಿಂದ ಬೆಳೆದ ಸಾಂಟಾ ಕ್ಲಾಸ್‌ನ ರೂಪವನ್ನು ಅಮೆರಿಕದ ಚಿತ್ರಕಾರ ಥಾಮಸ್ ನಾಸ್ಟ್ 1863ರಿಂದ ಬರೆದ ಚಿತ್ರಗಳು ರೂಢಿಗೆ ತಂದವು. 1931ರಿಂದ ಕೋಕಾ ಕೋಲಾ ಜಾಹೀರಾತುಗಳು ಅದನ್ನು ಇನ್ನಷ್ಟು ವ್ಯಾಪಕವಾಗಿ ಹರಡಿದವು. ಗುಟ್ಟಾಗಿ ದಾನ ಕೊಟ್ಟವನ ಹೆಸರು ಹೀಗೆ ಕ್ರಮೇಣ ಸರಕು ಮಾರುವವರ ಬಳಕೆಗೆ ಒದಗಿತು.

ಸುಖವೂ ಯಶಸ್ಸೂ ತನ್ನ ಬಳಿ ಇರುವ ವಸ್ತುಗಳಿಂದಲೇ ಬರುತ್ತವೆಂದು ನಂಬುವ ಮನೋಭಾವವನ್ನು ವಸ್ತುಮೋಹವೆನ್ನಬಹುದು. ಲ್ಯಾನ್ ಚಾಪ್ಲಿನ್ ಮತ್ತು ಡೆಬೊರಾ ಜಾನ್ ಎಂಬ ಸಂಶೋಧಕಿಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಮೋಹವು 8–9ರ ವಯಸ್ಸಿನವರಿಗಿಂತ 12–13ರವರಲ್ಲಿ ಹೆಚ್ಚಾಗಿಯೂ 16–18ರವರಲ್ಲಿ ಮತ್ತೆ ಕಡಿಮೆಯಾಗಿಯೂ ಕಂಡುಬಂದಿತು. ಅದಕ್ಕಿಂತ ಮುಖ್ಯವಾಗಿ, ಮಕ್ಕಳಲ್ಲಿ ತಮ್ಮ ಬಗ್ಗೆ ತಮಗಿರುವ ಗೌರವ ಹೆಚ್ಚಿದಾಗ ವಸ್ತುಗಳ ಹಂಬಲ ತಗ್ಗಿತು. ಬ್ರಿಟನ್ನಿನಲ್ಲಿ ಸಾಂಟಾನಿಗೆ ಮಕ್ಕಳು ಬರೆದ ಪತ್ರಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು, ಜಾಹೀರಾತುಗಳಿರುವ ಟಿವಿಯನ್ನು ಹೆಚ್ಚು ನೋಡುವ ಮಕ್ಕಳು ಹೆಚ್ಚು ವಸ್ತುಗಳನ್ನು ಕೇಳುತ್ತಾರೆಂದು ತೋರಿಸಿತು. ಆದ್ದರಿಂದ ಮಗುವಿನ ಹಟವನ್ನು ದುರಾಸೆಯೆಂದು ಗದರಿಸುವ ಮೊದಲು, ಅದರ ಕಣ್ಣಿಗೆ ದಿನವೂ ಬೀಳುತ್ತಿರುವುದೇನು, ಮನೆಯಲ್ಲಿ ಅದಕ್ಕೆ ಸಿಗುತ್ತಿರುವ ಆದರವೆಷ್ಟು ಎಂಬುದನ್ನು ಹಿರಿಯರು ಕೇಳಿಕೊಳ್ಳಬೇಕಾಗುತ್ತದೆ.

ವಸ್ತುಮೋಹಕ್ಕೆ ಪರಿಹಾರವು ಕರ್ನಾಟಕದ ಕ್ರೈಸ್ತ ಮನೆಗಳ ರೂಢಿಯಲ್ಲಿಯೇ ಇದೆ. ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳನ್ನೊಳಗೊಂಡ ಆಗಮನ ಕಾಲವು ಕಾಯುವುದನ್ನು ಕಲಿಸುವ ಕಾಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಸಂತ ಫ್ರಾನ್ಸಿಸ್ ಜನರ ಮುಂದೆ ಗೋದಲಿಯ ದೃಶ್ಯವನ್ನು ಏರ್ಪಡಿಸಿದ ಪರಂಪರೆಯನ್ನು ಅನುಸರಿಸಿ ಇಲ್ಲಿಯೂ ಮನೆಮನೆಗಳಲ್ಲಿ ಗೋದಲಿ ಕಟ್ಟುತ್ತಾರೆ. ಕೆಲವರು ಹಬ್ಬಕ್ಕೆ ಕೆಲವು ದಿನ ಮೊದಲೇ ತಟ್ಟೆಯ ಮಣ್ಣಿನಲ್ಲಿ ರಾಗಿ ಚೆಲ್ಲಿ, ನೀರು ಚಿಮುಕಿಸಿ, ಮೇಲೆದ್ದ ಹಸಿರು ಪೈರನ್ನು ಗೋದಲಿಯ ಹುಲ್ಲಾಗಿ ಇಡುತ್ತಾರೆ. ಮೊಬೈಲ್ ಮುಟ್ಟಿದರೆ ಹತ್ತಿಪ್ಪತ್ತು ನಿಮಿಷಗಳಲ್ಲಿ ಆಟಿಕೆ ಬಾಗಿಲಿಗೆ ಬರುವ ಈ ಕಾಲದಲ್ಲಿ, ರಾಗಿ ಮೊಳೆಯುವವರೆಗೆ ಕಾಯುವ ಮಗು ತಾಳ್ಮೆಯನ್ನು ಕೈಯಾರೆ ಕಲಿಯುತ್ತದೆ. ಮಂಗಳೂರು ಮೂಲದ ಕ್ಯಾಥೊಲಿಕ್ ಕುಟುಂಬಗಳಲ್ಲಿ ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ, ಗೆರೆ ಮೂಡುವಂತೆ ಸುರುಳಿ ಸುತ್ತಿ ಕಿಡಿಯೊ ಎಂಬ ತಿಂಡಿ ಮಾಡುವಾಗ ಮಕ್ಕಳೂ ಕೈಜೋಡಿಸುತ್ತಾರೆ; ಅದನ್ನು ಇತರ ತಿಂಡಿಗಳೊಂದಿಗೆ ಕುಸ್ವಾರ್ ಎಂಬ ಹೆಸರಿನಲ್ಲಿ ಜಾತಿ ಧರ್ಮಗಳ ಭೇದವಿಲ್ಲದೆ ನೆರೆಹೊರೆಯವರಿಗೆ ಹಂಚಲಾಗುತ್ತದೆ. ಅಂಥ ಮನೆಯಲ್ಲಿ ತಟ್ಟೆ ಹಿಡಿದು ಪಕ್ಕದ ಮನೆಯ ಬಾಗಿಲಿಗೆ ಹೋಗುವ ಮಗು ಆ ದಿನ ಕೊಡುವವರ ಸಾಲಿನಲ್ಲಿ ನಿಲ್ಲುತ್ತದೆ.

ಉಡುಗೊರೆಯನ್ನೇ ನಿಲ್ಲಿಸಬೇಕೆಂದು ಇದರ ಅರ್ಥವಲ್ಲ. ಮಕ್ಕಳಿಗೆ ಒಂದು ಉಡುಗೊರೆ ಕೊಡುವ ತಂದೆತಾಯಂದಿರು, ಆ ಮಕ್ಕಳ ಕೈಯಿಂದಲೇ ಮತ್ತೊಬ್ಬರಿಗೆ ಒಂದನ್ನು ಕೊಡಿಸಲಿ. ಬಡಾವಣೆಯನ್ನು ಗುಡಿಸುವ ಪೌರಕಾರ್ಮಿಕರ ಮಕ್ಕಳನ್ನೂ ಕಟ್ಟಡ ಕಾರ್ಮಿಕರ ಮಕ್ಕಳನ್ನೂ ಹಬ್ಬದ ಊಟಕ್ಕೆ ಕರೆದು ಜೊತೆಯಲ್ಲಿ ಕೂರಿಸಿಕೊಳ್ಳಲಿ. ಕ್ರಿಸ್‌ಮಸ್‌ನ ಅರ್ಥವನ್ನು ಮಕ್ಕಳು ಉಪದೇಶದಿಂದ ಕಲಿಯುವುದಕ್ಕಿಂತ ಹೆಚ್ಚಾಗಿ, ಮನೆಯ ಹಿರಿಯರು ಆ ದಿನ ಯಾರನ್ನು ನೆನೆಯುತ್ತಾರೆ ಎಂಬುದನ್ನು ನೋಡಿಯೇ ಕಲಿಯುತ್ತಾರೆ.