ಟಿ.ವಿ. ಚಂಡಮಾರುತವೂ ನಮ್ಮ ಮೂಸಿ ನದಿಯೂ

ಅಮೆರಿಕದ ಸಿ.ಬಿ.ಎಸ್. ಟೆಲಿವಿಷನ್ ೨೦೦೫ರ ನವೆಂಬರಿನಲ್ಲಿ ‘ಕೆಟಗರಿ ೭: ದಿ ಎಂಡ್ ಆಫ್ ದಿ ವರ್ಲ್ಡ್’ ಎಂಬ ಚಿತ್ರವನ್ನು ಎರಡು ಕಂತುಗಳಲ್ಲಿ ತೋರಿಸಿತು. ಲೋಕದ ನಾನಾ ಕಡೆ ಬಿರುಗಾಳಿ ಎದ್ದು ಮಹಾನಗರಗಳು ಹಾಳಾಗುವ ಕತೆ ಅದು. ಇಂಥ ಚಿತ್ರ ನೋಡಿದ ಮೇಲೆ “ಇದೆಲ್ಲ ನಿಜವಾಗಿ ಆಗುತ್ತದೆಯೇ?” ಎಂಬ ಪ್ರಶ್ನೆ ಏಳುವುದು ಸಹಜ. ಮಿತ್ರರೇ, ಸ್ವಲ್ಪ ವಿಚಾರ ಮಾಡೋಣ.

ಚಂಡಮಾರುತವನ್ನು ಅಳೆಯುವ ಅಮೆರಿಕದ ಮಾಪನದಲ್ಲಿ ಇರುವುದು ಐದೇ ದರ್ಜೆ. ಗಾಳಿ ಗಂಟೆಗೆ ೨೫೨ ಕಿ.ಮೀ. ಮುಟ್ಟಿದರೆ ಐದನೆಯ ದರ್ಜೆ. ಅದಕ್ಕೆ ಮೇಲ್ಮಿತಿ ಇಲ್ಲ. ಆದ್ದರಿಂದ ಏಳನೆಯ ದರ್ಜೆ ಅನ್ನೋದು ಕತೆ ಕಟ್ಟಿದವರ ಕಲ್ಪನೆ. ಇನ್ನು, ಚಂಡಮಾರುತದ ಆಹಾರವೆಂದರೆ ಬೆಚ್ಚನೆಯ ಕಡಲಿನ ಆವಿ. ನೆಲ ಹತ್ತಿದ ಮೇಲೆ ಆಹಾರ ತಪ್ಪಿ ಅದು ಸೊರಗುತ್ತದೆ. ಒಂದೇ ಬಿರುಗಾಳಿ ಲೋಕವನ್ನೆಲ್ಲ ನುಂಗಲಾರದು.

ಹಾಗಾದರೆ ಕಡಲಿನಿಂದ ಸುಮಾರು ೩೦೦ ಕಿ.ಮೀ. ದೂರವಿರುವ ಹೈದರಾಬಾದಿಗೆ ಭಯವಿಲ್ಲವೇ? ಇದೆ. ಸೊರಗುವುದು ಗಾಳಿ, ಅದು ಹೊತ್ತು ತಂದ ನೀರು ಎಲ್ಲಿಗೆ ಹೋಗಬೇಕು?

೧೯೦೮ರ ಸೆಪ್ಟೆಂಬರ್ ೨೮ರಂದು ಮೂಸಿ ಉಕ್ಕಿ ಹರಿಯಿತು. ನದಿಗೆ ನೀರು ಕೊಡುವ ಪ್ರದೇಶದ ೭೮೮ ಕೆರೆಗಳಲ್ಲಿ ೨೨೧ ಒಡೆದವು. ಸತ್ತವರು ಸುಮಾರು ೧೫,೦೦೦ ಅಂತ ಅಂದಾಜು. ಅಫ್ಜಲ್‌ಗಂಜಿನ ಒಂದು ಹುಣಸೆ ಮರ ಹತ್ತಿ ನೂರೈವತ್ತು ಜನ ಜೀವ ಉಳಿಸಿಕೊಂಡರಂತೆ.

ಮರುವರ್ಷ ನಿಜಾಮರ ಸರಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲೇ ಹಿಡಿಯಬೇಕೆಂದು ಅವರು ಸಲಹೆ ಕೊಟ್ಟರು. ಹಾಗೆ ಉಸ್ಮಾನ್ ಸಾಗರ ೧೯೨೦ರಲ್ಲಿ, ಹಿಮಾಯತ್ ಸಾಗರ ೧೯೨೭ರಲ್ಲಿ ಮುಗಿದವು. ಇದರಲ್ಲೊಂದು ಸೂಕ್ಷ್ಮವಿದೆ. ಪ್ರವಾಹ ತಡೆಯುವುದು ಜಲಾಶಯದಲ್ಲಿ ತುಂಬಿದ ನೀರಲ್ಲ, ಅದರಲ್ಲಿ ಉಳಿಸಿಟ್ಟ ಖಾಲಿ ಜಾಗ. ಕಾಮರ್ಸಿನವರ ಭಾಷೆಯಲ್ಲಿ ಹೇಳಬೇಕಾದರೆ ಅದು ಮೀಸಲು ನಿಧಿ. ಒಳ್ಳೆಯ ವರ್ಷದಲ್ಲಿ ಮುಟ್ಟದೆ ಬಿಟ್ಟರೆ ಕೆಟ್ಟ ವರ್ಷಕ್ಕೆ ಒದಗುತ್ತದೆ.

ಈ ನಿಧಿ ಊರೊಳಗೆ ಖರ್ಚಾಗಿಹೋಗಿದೆ ಎಂಬುದು ೨೦೨೦ರ ಅಕ್ಟೋಬರ್ ೧೩ರ ರಾತ್ರಿ ಗೊತ್ತಾಯಿತು. ಅಂದು ಬೆಳಿಗ್ಗೆ ಕಾಕಿನಾಡದ ಬಳಿ ದಡ ಸೇರಿದ್ದು ಬರೀ ವಾಯುಭಾರ ಕುಸಿತ. ಚಂಡಮಾರುತ ಎನ್ನಿಸಿಕೊಳ್ಳುವಷ್ಟು ಬಲ ಬರದ ಕಾರಣ ಅದಕ್ಕೊಂದು ಹೆಸರನ್ನೂ ಇಟ್ಟಿರಲಿಲ್ಲ! ಆದರೂ ಘಟ್‌ಕೇಸರ ಭಾಗದಲ್ಲಿ ಸುಮಾರು ೩೨ ಸೆಂ.ಮೀ. ಮಳೆ ಸುರಿಯಿತು. ಆ ರಾತ್ರಿ ಪಲ್ಲೆ ಚೆರುವು, ಕೆಲವೇ ದಿನಗಳಲ್ಲಿ ಗುರ್ರಂ ಚೆರುವು ಕಟ್ಟೆ ಒಡೆದು ಮನೆಗಳಿಗೆ ನೀರು ನುಗ್ಗಿ ಜೀವಗಳು ಹೋದವು. ಊರಿನ ಮೇಲೆಯೇ ಬಿದ್ದ ಮಳೆಯನ್ನು ಮೇಲಿನ ಜಲಾಶಯ ಹಿಡಿಯಲಾರದು. ಅದನ್ನು ಹಿಡಿಯಬೇಕಾದ ಕೆರೆ, ನಾಲೆಗಳ ಜಾಗದಲ್ಲಿ ಮನೆಗಳು ಎದ್ದಿದ್ದವು.

ನಮ್ಮ ಲಿಂಗಂಪಲ್ಲಿಯ ಗೋಪಿ ಚೆರುವು, ಪಕ್ಕದ ನಲ್ಲಗಂಡ್ಲ ಕೆರೆ ಇವೂ ಅದೇ ಮೀಸಲು ನಿಧಿಯ ಚಿಲ್ಲರೆ ಬಾಬುಗಳು. ಅಲ್ಲಿ ಒಂದು ಲಾರಿ ಮಣ್ಣು ಸುರಿದರೂ ಅಷ್ಟು ನೀರು ಯಾರದೋ ಅಂಗಳ ಹುಡುಕಿಕೊಂಡು ಹೋಗುತ್ತದೆ. ಹಾಗಾಗಿ ಊರಿಂದ ಬಂದು ಬಾಡಿಗೆ ರೂಮು ಹುಡುಕುವ ಗೆಳೆಯ ಗೆಳತಿಯರೇ, ಅಡ್ವಾನ್ಸು ಕೊಡುವ ಮುಂಚೆ “ಇಲ್ಲಿ ಮೊದಲು ಕೆರೆ ಇತ್ತೇ?” ಅಂತ ಆ ಬೀದಿಯ ಹಳಬರನ್ನು ಒಂದು ಮಾತು ಕೇಳಿಬಿಡಿ.